ಮೂರ್ಛೆಯ ಕಾಲಂನಲ್ಲಿ ಏನು ಬರೆಯುವುದು

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಎಲ್ಲಾದರೂ ಸಿಕ್ಕಿದರೆ ಕೇಳುವ ಮೊದಲ ಪ್ರಶ್ನೆ, "ಸಾರ್, ತುಂಬಾ ಕಷ್ಟವಾ?" ಎಂದು. ಕಷ್ಟವೇನೂ ಇಲ್ಲ. ಮೈದಾನದ ಮೂಲೆಯಲ್ಲಿ ಒಂದು ಶಾಮಿಯಾನ, ಒಂದು ಮೇಜು, ಒಂದು ಕುರ್ಚಿ. ಸೈನ್ಯಕ್ಕೆ ಸೇರಬೇಕೆಂದು ಬಂದ ಹುಡುಗ ಎದುರು ನಿಂತಿರುತ್ತಾನೆ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಓದು, ಮದುವೆಯಾಗಿದೆಯೇ, ಪೊಲೀಸ್ ಕೇಸು ಇದೆಯೇ, ಕಾಯಿಲೆ ಏನಾದರೂ ಉಂಟೇ ಎಂದು ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಕೈಬರಹ ಚೆನ್ನಾಗಿದ್ದು ಬಿಸಿಲು ತಡೆಯುವ ತಲೆಯಿದ್ದರೆ ಯಾರು ಬೇಕಾದರೂ ಮಾಡಬಹುದು.

ಆದರೆ ಇದು ಹೆದರಿಕೆಯ ಕೆಲಸ. ಅದನ್ನು ನಿಮಗೆ ತರಬೇತಿಯಲ್ಲಿ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಹೆದರಿಕೆಯ ವಿಷಯದಲ್ಲಿ ನನಗೆ ಸ್ವಲ್ಪ ಪರಿಣತಿ ಇದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋದವನು ನಾನು. ಏಪ್ರಿಲ್ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಸೇನಾ ಭರ್ತಿಯ ರ್ಯಾಲಿಗೆ ಹೋಗಿ, ಸೈನಿಕರೆಲ್ಲ ನಗುವುದನ್ನು ನೋಡಿದವನು. "ನೀವು ಹೆದರದೇ ಇದ್ದ ದಿನ ನಂಗೆ ಹೆದ್ರಿಕೆ ಆತ್ತ್" ಎನ್ನುತ್ತಾಳೆ ನನ್ನ ಹೆಂಡತಿ. ಕೊನೆಗೆ ರಕ್ತದೊತ್ತಡ ನೋಡಿದ ಡಾಕ್ಟರರು ನನಗಿಂತ ಹೆಚ್ಚು ಹೆದರಿ, ಐವತ್ತು ದಾಟುತ್ತಲೇ ಸ್ವಯಂ ನಿವೃತ್ತಿ ತೆಗೆದುಕೊಳ್ಳುವಂತೆ ಮಾಡಿದರು. ಊರಿನಲ್ಲಿ ಇವತ್ತಿಗೂ ಕೆಲವರು ನನ್ನನ್ನು 'ಮಿಲ್ಟ್ರಿಯವರು' ಎನ್ನುವುದುಂಟು. ಇಡೀ ಸೇವೆಯಲ್ಲಿ ನಾನು ಹಿಡಿದ ಅತ್ಯಂತ ಅಪಾಯಕಾರಿ ವಸ್ತು ಸ್ಟೇಪ್ಲರ್.

ನನ್ನ ಹೆದರಿಕೆಗೆ ಎರಡು ಮುಖ. ಯೋಗ್ಯನಾದ ಹುಡುಗನೊಬ್ಬ ನನ್ನ ಒಂದು ಅಕ್ಷರದಿಂದ ಮನೆಗೆ ಹೋದರೆ? ಇದು ಒಂದು. ಅಯೋಗ್ಯನೊಬ್ಬ ನನ್ನ ಒಂದು ಅಕ್ಷರದಿಂದ ಒಳಗೆ ಹೋಗಿ, ಎಲ್ಲೋ ಹಿಮದಲ್ಲಿ, ಕೈಯಲ್ಲಿ ತುಂಬಿದ ಬಂದೂಕು ಇರುವಾಗ ಕುಸಿದು ಬಿದ್ದರೆ? ಇದು ಇನ್ನೊಂದು. ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಹತ್ತಿರ ಬರುತ್ತದೆ. ಪ್ರತಿ ಹುಡುಗನೊಂದಿಗೂ ಹೀಗೆಯೇ.

ತೊಂಬತ್ತೇಳರಲ್ಲಿ ನಮ್ಮ ಭರ್ತಿ ಕಚೇರಿಯವರು ಕರಾವಳಿಯ ಶಿಬಿರಗಳಿಗೆ ನನ್ನನ್ನು ಹಾಕಿದರು. ನಾನು ಸಾಸ್ತಾನದವನು, ಭಾಷೆ ಗೊತ್ತಿದೆ ಎಂಬುದು ಕಾರಣ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ಕಡೆ. ನಮ್ಮ ಕಡೆಯ ಹುಡುಗರು ಹತ್ತನೇ ಕ್ಲಾಸು ಮುಗಿದರೆ ಬೊಂಬಾಯಿಯ ಹೋಟೆಲಿಗೆ ಹೋಗುವವರು, ಇಲ್ಲವೇ ಬೋಟಿಗೆ. ಸೈನ್ಯ ಎಂದರೆ ಬೇರೆ ಯಾರೋ ಹೋಗುವ ಜಾಗ. ಹಾಗಾಗಿ ಜನ ಹೆಚ್ಚು ಬರಲಿಕ್ಕಿಲ್ಲ, ಆರಾಮ ಎಂದುಕೊಂಡಿದ್ದೆ. ಆರಾಮ ಎಂದುಕೊಂಡ ದಿನವೇ ನನಗೆ ಏನಾದರೂ ಆಗುವುದು.

ಆದದ್ದು ಬ್ರಹ್ಮಾವರದಲ್ಲಿ. ನಮ್ಮ ಮೇಲಧಿಕಾರಿ ಮೇಜರ್ ಸಾಹೇಬರು ಉತ್ತರದವರು, ಆರಡಿ ಎತ್ತರ. ನನ್ನ ಹಿಂದೆ ಬಂದು ನಿಂತರೆ ಕಾಗದದ ಮೇಲೆ ನೆರಳು ಬೀಳುತ್ತಿತ್ತು, ನನ್ನ ಅಕ್ಷರ ಓರೆಯಾಗುತ್ತಿತ್ತು. ಅವತ್ತು ಅವರು ತುಂಬಿದ ಅರ್ಜಿಗಳನ್ನು ಎತ್ತಿ ನೋಡುತ್ತಾ ಹೋದವರು ಇದ್ದಕ್ಕಿದ್ದಂತೆ ಎಲ್ಲವನ್ನೂ ನನ್ನ ಮುಂದೆ ಹಾಕಿದರು. ಮಗ ಮೆಂಡನ್, ತಂದೆ ಕಾಂಚನ್. ಮಗ ಕುಂದರ್, ತಂದೆ ಸಾಲಿಯಾನ್. ಒಬ್ಬನದೂ ತಂದೆಯ ಹೆಸರಿಗೆ ತಾಳೆಯಿಲ್ಲ. ಅವರ ಲೆಕ್ಕದಲ್ಲಿ ಇಡೀ ಸಾಲೇ ಯಾರದೋ ದಾಖಲೆ ಹಿಡಿದು ಬಂದ ನಕಲಿ ಹುಡುಗರು. ಪೊಲೀಸರನ್ನು ಕರೆಸಿ ಎಂದರು.

ಕಡಲ ಬದಿಯ ಈ ಮನೆಗಳಲ್ಲಿ ಮಕ್ಕಳು ತಾಯಿಯ 'ಬಳಿ'ಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದವರು. ಹೆಸರಿನ ಬಾಲ ತಾಯಿಯ ಕಡೆಯಿಂದ, ಸೋದರಮಾವನ ಕಡೆಯಿಂದ ಬರುತ್ತದೆ. ತಂದೆ ಮಗನ ಬಾಲ ಒಂದೇ ಆಗಿದ್ದರೆ ಇಲ್ಲಿ ಸಂಶಯ ಪಡಬೇಕು. ಇಷ್ಟನ್ನು ನನ್ನ ಹಿಂದಿಯಲ್ಲಿ ಹೇಳಲು ಹೋಗಿ, ಇಲ್ಲಿ ತಂದೆಯ ಹೆಸರು ನಡೆಯುವುದಿಲ್ಲ ಸಾಹೇಬರೇ ಎಂದುಬಿಟ್ಟೆ. ಸಾಹೇಬರ ಹುಬ್ಬು ಟೋಪಿಯೊಳಗೆ ಹೋಯಿತು. "ಅಂದರೆ ಇವರಿಗೆ ತಂದೆ ಯಾರೆಂದೇ ಗೊತ್ತಿಲ್ಲವೇ?"

ಸಾಲಿನ ಮುಂದಿದ್ದ ಹುಡುಗನಿಗೆ ಅಷ್ಟು ಹಿಂದಿ ಅರ್ಥವಾಯಿತು. ಸಾಲು ಕುದಿಯಲು ತೊಡಗಿತು. ಇವತ್ತು ಇಲ್ಲಿ ಹೊಡೆದಾಟವಾಗುತ್ತದೆ, ಮಧ್ಯದಲ್ಲಿ ಇರುವುದು ನಾನು ಮತ್ತು ನನ್ನ ಮೇಜು ಎಂದು ಕಣ್ಣು ಮುಚ್ಚಿದೆ. ಆಗ ಆ ಹುಡುಗ, "ಹ್ವಾಯ್, ಸಾಹೇಬ್ರಿಗ್ ಹೇಳಿ. ಅಪ್ಪಯ್ಯ ಯಾರಂದ್ ಗೊತ್ತಿತ್ತ್. ಅಲ್ಲ್ ಗೇಟಿನ್ ಹೊರಗ್ ಬೀಡಿ ಸೇದ್ತಾ ನಿಂತಿರ್, ಕರೂಕಾ?" ಎಂದ.

ಕರೆಸಿದರು. ತಂದೆ ಬೀಡಿ ಬಿಸಾಡಿ ಒಳಗೆ ಬಂದರು. ಅದೇ ಮೂಗು, ಅದೇ ಕಿವಿ, ನಿಲ್ಲುವಾಗ ಒಂದು ಕಾಲಿನ ಮೇಲೆ ಭಾರ ಹಾಕುವುದೂ ಅದೇ. ಮೇಜರ್ ಸಾಹೇಬರು ಇಬ್ಬರನ್ನೂ ನೋಡಿದರು, ನನ್ನನ್ನೂ ನೋಡಿದರು. "ಮುಂದಿನ ಸಲ ಇದನ್ನು ಮೊದಲೇ ಹೇಳತಕ್ಕದ್ದು" ಎಂದು ಹೋದರು. ಅಂದಿನಿಂದ ಪ್ರತಿ ಶಿಬಿರಕ್ಕೂ ಮುಂಚೆ, ಕರಾವಳಿಯ ಬಳಿ ಮತ್ತು ಹೆಸರಿನ ಬಗ್ಗೆ ಅರ್ಧ ಪುಟ ಟೈಪು ಮಾಡಿ ಸಾಹೇಬರ ಮೇಜಿನ ಮೇಲೆ ಇಡುತ್ತಿದ್ದೆ. ಎರಡು ಪ್ರತಿ. ಒಂದು ಹಾರಿಹೋದರೆ ಎಂದು.

ಕಾರ್ಗಿಲ್ ಯುದ್ಧವಾದ ಮೇಲೆ ಹುಡುಗರ ಸಾಲು ಉದ್ದವಾಯಿತು. ಅದರ ಪಕ್ಕದಲ್ಲಿ, ಬೇಲಿಯ ಆಚೆ, ತಾಯಂದಿರ ಸಾಲೂ ಶುರುವಾಯಿತು. ಟಿ.ವಿ.ಯಲ್ಲಿ ಶವಪೆಟ್ಟಿಗೆಗಳು ಬರುವುದನ್ನು ಮಕ್ಕಳೂ ನೋಡಿದ್ದರು, ತಾಯಂದಿರೂ ನೋಡಿದ್ದರು. ಇಬ್ಬರಿಗೂ ಕಂಡದ್ದು ಮಾತ್ರ ಬೇರೆ. ಬೈಂದೂರಿನಲ್ಲಿ ಒಬ್ಬಾಕೆ ಚಾ ತರುವ ನೆಪದಲ್ಲಿ ನನ್ನ ಮೇಜಿನವರೆಗೂ ಬಂದು, "ನಮ್ಮ ಗಂಡಿನ್ ಎತ್ರ ಒಂಚೂರ್ ಕಡ್ಮಿ ಬರಿನಿ ಮಾರಾಯ್ರೆ, ನಿಮ್ಗೆಂತ ನಷ್ಟ" ಎಂದಳು. ಎತ್ತರ ಅಳೆಯುವವನು ನಾನಲ್ಲ, ಅಲ್ಲಿ ಕಂಬದ ಬಳಿ ನಿಂತಿರುವ ಹವಾಲ್ದಾರ ಎಂದೆ. "ಅವ್ರ್ ಕನ್ನಡ ಕೇಂತಿಲ್ಲೆ. ನೀವಾರೆ ಕೇಂತ್ರಿ" ಎಂದಳು. ಕೇಳುವುದೇ ನನ್ನ ಕೆಲಸ. ಎಲ್ಲರದ್ದೂ ಕೇಳಿ ಕೇಳಿ ನನಗೆ ಅಂಗೈ ಬೆವರುವ ಕಾಯಿಲೆ ಬಂತು. ಬರೆಯುವಾಗ ಕೈಯ ಕೆಳಗೆ ಕರವಸ್ತ್ರ ಹಾಸಿಕೊಳ್ಳುವುದನ್ನು ಆಗಲೇ ಕಲಿತದ್ದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಲಿನದೆಲ್ಲ ಇದಕ್ಕೆ ಪೀಠಿಕೆ ಎಂದುಕೊಳ್ಳಿ.

ಯುದ್ಧ ಮುಗಿದು ಒಂದೆರಡು ವರ್ಷಗಳಾಗಿದ್ದವು. ಕುಂದಾಪುರದಲ್ಲಿ ರ್ಯಾಲಿ. ಬೆಳಿಗ್ಗೆ ನಾನು ಬೇಲಿಯ ಹತ್ತಿರ ಚಾ ಕುಡಿಯುತ್ತಿದ್ದಾಗ ಆಚೆ ಕಡೆಯಿಂದ ಒಬ್ಬ ಹೆಂಗಸು "ಹ್ವಾಯ್" ಎಂದು ಕರೆದಳು. ತ್ರಾಸಿಯ ಕಡೆಯವಳು, ಮೀನು ಮಾರುವವಳು, ಗಿರಿಜಕ್ಕ ಎಂದು ಆಮೇಲೆ ಗೊತ್ತಾಯಿತು. ಎಲ್ಲ ತಾಯಂದಿರಂತೆ ಎತ್ತರವೋ ಎದೆಯೋ ಕಡಿಮೆ ಮಾಡಲು ಹೇಳುತ್ತಾಳೆ ಎಂದುಕೊಂಡೆ.

"ನಮ್ಮ ಭಾಸ್ಕರನ್ನ ತಕಣುಕಾಗ" ಎಂದಳು, ಮಗನನ್ನು ಸೈನ್ಯಕ್ಕೆ ತೆಗೆದುಕೊಳ್ಳಲೇಬಾರದು ಎಂದು. "ಅವ್ನ ಮೈಮೇಲೆ ಬತ್ತ್."

ಚಾ ನನ್ನ ನಾಲಗೆ ಸುಟ್ಟಿತು.

ಆಕೆಯ ತಮ್ಮ, ಭಾಸ್ಕರನ ಮಾವ, ಅವರ ಮನೆತನದ ದೈವಕ್ಕೆ ಪಾತ್ರಿ. ವರ್ಷಕ್ಕೊಮ್ಮೆ, ದೈವದ ಸೇವೆಯಾದ ಕೋಲದ ದಿನ, ಕೈಯಲ್ಲಿ ಅಡಿಕೆಹೂವಿನ ಹಿಂಗಾರ ಹಿಡಿದು ನಿಂತರೆ ದೈವ ಅವನ ಮೈಮೇಲೆ ಬರುತ್ತದೆ, ಅವನ ಬಾಯಲ್ಲಿ ನುಡಿಯುತ್ತದೆ. ಅವನಿಗೆ ವಯಸ್ಸಾಗುತ್ತಿದೆ. ಅವನ ನಂತರ ಆ ಸ್ಥಾನ ಅವನ ಮಗನಿಗಲ್ಲ, ಬಳಿಯ ಪ್ರಕಾರ ಅಕ್ಕನ ಮಗನಿಗೆ. ಭಾಸ್ಕರನಲ್ಲದೆ ಬೇರೆ ಗಂಡುಮಕ್ಕಳಿಲ್ಲ. ಹಿಂದಿನ ಕೋಲದಲ್ಲಿ ಡೋಲು ಬಡಿದ ಕೂಡಲೇ ಭಾಸ್ಕರ ನಡುಗಿ, ಜನರ ಮಧ್ಯೆ ಬಿದ್ದನಂತೆ. ದೈವ ತನಗೆ ಬೇಕಾದವನನ್ನು ತೋರಿಸಿತು ಎಂದು ಎಲ್ಲರೂ ಕೈಮುಗಿದರಂತೆ.

"ಅವ ಮಿಲ್ಟ್ರಿಗ್ ಹೋದ್ರೆ ದೈವ ಸುಮ್ನೆ ಕೂಕಂತಿಲ್ಲೆ" ಎಂದಳು. "ಗುಂಡಿಂದಾರೂ ತಪ್ಪಿಸ್ಕಂಬುಕಾತ್ತ್. ಇದ್ರಿಂದ ಆತಿಲ್ಲೆ." ಅವಳ ತುಟಿ ನಡುಗುತ್ತಿತ್ತು. ನಾಟಕವಲ್ಲ. ಹೆದರಿಕೆಯ ನಿಜ ಬಣ್ಣ ಯಾವುದು, ನಕಲಿ ಯಾವುದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಧ್ಯಾಹ್ನದ ಹೊತ್ತಿಗೆ ಭಾಸ್ಕರ ನನ್ನ ಮೇಜಿಗೆ ಬಂದ. ಓಟದಲ್ಲಿ ಅವನ ಗುಂಪಿಗೇ ಮೊದಲಿಗ. ದಾಖಲೆ ಎಲ್ಲ ಸರಿ. ವಯಸ್ಸಿನ ಮಿತಿಗೆ ಇದೇ ಕೊನೆಯ ಅವಕಾಶ, ಮುಂದಿನ ರ್ಯಾಲಿಯ ಹೊತ್ತಿಗೆ ದಾಟಿಬಿಡುತ್ತದೆ. ಉಳಿದದ್ದು ವೈದ್ಯರ ಡೇರೆ. ಅದಕ್ಕೆ ಮೊದಲು ನಾನು ಕಾಯಿಲೆಯ ಕಾಲಂಗಳನ್ನು ತುಂಬಬೇಕು.

"ಮೂರ್ಛೆ, ಫಿಟ್ಸ್, ಎಚ್ಚರ ತಪ್ಪಿ ಬಿದ್ದದ್ದು ಏನಾದರೂ ಉಂಟಾ?"

"ಇಲ್ಲೆ" ಎಂದ. ಪ್ರಶ್ನೆ ಮುಗಿಯುವ ಮೊದಲೇ.

"ಕೋಲದ ದಿನ?"

ಓಡಿ ಬಂದ ಮುಖದ ಕೆಂಪು ಅಲ್ಲಿಯೇ ಇಳಿಯಿತು. "ಅಬ್ಬಿ ಬಂದಿರಾ?" ಎಂದು ತಿರುಗಿ ಬೇಲಿಯ ಆಚೆ ತಾಯಿಯನ್ನು ಹುಡುಕಿದ. ಆಮೇಲೆ ಮೇಜಿನ ಮೇಲೆ ಬಗ್ಗಿ, ಹಿಂದಿನವರಿಗೆ ಕೇಳಿಸದಂತೆ ಹೇಳಿದ: "ಅದ್ ರೋಗ ಅಲ್ಲ ಸಾರ್. ದೈವನೂ ಅಲ್ಲ ಅಂದೇಳಿ ನಂಗ್ ಕಾಂತ್. ಹೆದ್ರಿಕಿ. ಡೋಲ್ ಶುರು ಆದ್ ಕೂಡ್ಲೆ ಎಲ್ಲಾ ನನ್ನೇ ಕಾಂತಾ ಇದ್ರ್. ಮಾವನ ಕೈಯಂಗಿದ್ ಹಿಂಗಾರನೂ ನನ್ನ ಬದಿಗೇ ಬಂತ್. ಕಾಲ್ ನಡ್ಗಿತ್. ಮತ್ತೆಂತ ಆಯ್ತ್ ಅಂದ್ ಗೊತ್ತಿಲ್ಲೆ."

"ಗೊತ್ತಿಲ್ಲ ಅಂದರೆ? ನೆನಪಿಲ್ಲವಾ?"

ಅವನು ಮತ್ತೆ ಬೇಲಿಯ ಕಡೆ ತಿರುಗಿದ.

'ನೆನಪಿಲ್ಲ' ಎಂಬುದು ನಮ್ಮ ಕೆಲಸದಲ್ಲಿ ಕೆಟ್ಟ ಮಾತು. ತಾಯಿ ಹೇಳುವುದು ದೈವ, ಮಗ ಹೇಳುವುದು ಹೆದರಿಕೆ, ನನ್ನ ಕಾಗದ ಕೇಳುವುದು ರೋಗ. ಕಾಗದದಲ್ಲಿ ಇರುವುದು ಹೌದು ಮತ್ತು ಇಲ್ಲ. ಇಲ್ಲ ಎಂದು ಬರೆದು ಅದು ನಿಜಕ್ಕೂ ಮೂರ್ಛೆಯಾಗಿದ್ದರೆ, ಅವನ ಪಕ್ಕ ನಿಲ್ಲುವ ಇನ್ಯಾರದೋ ಮಗನ ಗತಿ? ಹೌದು ಎಂದು ಬರೆದರೆ ಇವನು ಇವತ್ತೇ ಬಸ್ಸು ಹತ್ತಿ ತ್ರಾಸಿಗೆ ಹೋಗಿ, ಜೀವಮಾನವಿಡೀ ಆ ಡೋಲಿನ ಎದುರು ನಿಲ್ಲಬೇಕು. ಲೇಖನಿಯ ಮುಚ್ಚಳ ಹಾಕಿದೆ, ತೆಗೆದೆ. ಕೊನೆಗೆ ಅವನನ್ನು ಕೂರಿಸಿ ವೈದ್ಯರ ಡೇರೆಗೆ ಹೋದೆ.

ಸೇನಾ ವೈದ್ಯರು ಕಡಿಮೆ ಮಾತಿನವರು. ಪೆನ್ನಿನ ಗುಂಡಿಯನ್ನು ಟಕ್ ಟಕ್ ಒತ್ತುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿದರು. ಬಳಿ, ಪಾತ್ರಿ, ಹಿಂಗಾರ ಎಲ್ಲವನ್ನೂ ಹಿಂದಿಯಲ್ಲಿ ಹೇಳುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

"ದೇವರು ನನ್ನ ವಿಭಾಗಕ್ಕೆ ಬರುವುದಿಲ್ಲ" ಎಂದರು. "ಬಿದ್ದಾಗ ನಾಲಗೆ ಕಚ್ಚಿಕೊಂಡಿದ್ದನೇ? ಬಾಯಲ್ಲಿ ನೊರೆ? ಬಟ್ಟೆ ಒದ್ದೆ? ಎದ್ದ ಮೇಲೆ ಜನರ ಗುರುತು ಹಿಡಿದನೇ? ಬಿದ್ದವನಿಗೆ ಇದು ಗೊತ್ತಿರುವುದಿಲ್ಲ. ನೋಡಿದವರು ಯಾರು?"

"ತಾಯಿ, ಸರ್. ಗೇಟಿನ ಹೊರಗಿದ್ದಾರೆ."

"ಕೇಳಿಕೊಂಡು ಬನ್ನಿ. ಆಕೆ ಹೌದು ಎಂದರೆ ಹುಡುಗ ಮನೆಗೆ. ಇಲ್ಲ ಎಂದರೆ ಮುಂದಿನದನ್ನು ನಾನು ನೋಡುತ್ತೇನೆ."

ಶಾಮಿಯಾನದಿಂದ ಗೇಟಿನವರೆಗೆ ದೂರವೇನಿಲ್ಲ. ನಡೆಯುವಾಗ ಮಾತ್ರ ಮುಗಿಯಲೇ ಇಲ್ಲ. ಮಗ ಬೇಡ ಎಂದು ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಕಾದಿರುವ ಹೆಂಗಸಿನ ಕೈಗೇ ಮಗನ ಭವಿಷ್ಯ ಕೊಡಲು ಹೋಗುತ್ತಿದ್ದೇನೆ. ನೊರೆ ಬಂದಿತ್ತು ಎಂದರೆ ಸಾಕು. ಯಾರೂ ಪರೀಕ್ಷಿಸುವುದಿಲ್ಲ. ಕೂರಿಸಿದ ಜಾಗದಿಂದ ಎದ್ದು ನಿಂತು ಭಾಸ್ಕರ ನೋಡುತ್ತಿದ್ದುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಗಿರಿಜಕ್ಕ ಕಂಪೌಂಡಿನ ನೆರಳಿನಲ್ಲಿ ಕೂತಿದ್ದಳು. ಹತ್ತಿರ ಹೋಗಿ, ಸುತ್ತಿ ಬಳಸದೆ ಹೇಳಿದೆ. "ಗಿರಿಜಕ್ಕ, ಅದು ಮೂರ್ಛೆ ರೋಗ ಆದರೆ ಅವನನ್ನ ತಕಣುದಿಲ್ಲ. ದೈವ ಆದ್ರೆ ಡಾಕ್ಟ್ರಿಗೆ ಸಂಬಂಧ ಇಲ್ಲ. ಬಿದ್ದಾಗ ಅವ ನಾಲ್ಗಿ ಕಚ್ಕಂಡಿದ್ನಾ? ಬಾಯಲ್ಲಿ ನೊರಿ ಇತ್ತಾ?"

ಆಕೆ ಎದ್ದು ನಿಂತಳು. "ರೋಗ ಅಂದ್ ಬರಿತ್ರ್ಯಾ?"

"ನೀವ್ ಹೇಳಿದ್ದನ್ನ ಬರಿತೆ."

"ರೋಗ ಅಂದ್ರೆ ಮನಿಗ್ ಕಳಿಸ್ತ್ರಿ."

"ಹೌದು."

ಹೈವೇಯಲ್ಲಿ ಒಂದು ಲಾರಿ ಹಾರ್ನ್ ಹಾಕುತ್ತಾ ಹೋಯಿತು. ಅದು ಹೋಗುವವರೆಗೂ ಆಕೆ ಕಾದಳು.

"ಹಾಂಗಾರೆ ನಮ್ಮ ತಮ್ಮಂಗ್ ಬಪ್ಪುದೂ ರೋಗವಾ?" ಎಂದಳು. "ಅವ್ನ ಮುಂಚೆ ನಮ್ಮ ಮಾವಂಗ್ ಬತ್ತಿತ್ತ್, ಅದೂ ರೋಗವಾ? ಊರಿಗ್ ಊರೇ ಬಂದ್ ಕೈಮುಗ್ದ್ ನಿಂತದ್ದ್ ರೋಗಕ್ಕಾ?"

ಅದು ನನ್ನ ಕಾಲಂ ಅಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಹೊತ್ತಿಗೆ ಡಾಕ್ಟರಿಗಿಂತ ದೈವದ ಹೆದರಿಕೆಯೇ ಹೆಚ್ಚಾಗಿತ್ತು.

"ನೊರಿ ಇಲ್ಲೆ" ಎಂದಳು. ಒಂದೊಂದೇ ಮಾತನ್ನು ಕಿತ್ತು ಕಿತ್ತು ಕೊಟ್ಟಂತೆ. "ನಾಲ್ಗಿ ಕಚ್ಚಲಿಲ್ಲೆ. ಬಟ್ಟಿ ಒದ್ದಿ ಆಯಿಲ್ಲೆ. ಎದ್ದ್ ಕೂಕಂಡ್ ನನ್ನ ಮುಖ ಕಂಡ್ 'ಅಬ್ಬಿ, ನೀರ್' ಅಂದ. ಗುರ್ತ ಇತ್ತ್ ಅವಂಗೆ. ನಮ್ಮ ದೈವನ್ನ ರೋಗ ಅಂದ್ ನಾನ್ ಹೇಳುದಿಲ್ಲೆ. ಹಾಂಗ್ ಹೇಳಿರೆ ನನ್ ನಾಲ್ಗಿ ಬಿದ್ ಹೋತ್ತ್. ಬರ್ಕಣಿ."

ತಾನು ಏನು ಕೊಟ್ಟುಬಿಟ್ಟೆ ಎಂಬುದು ಅವಳಿಗೆ ತಿಳಿದಿತ್ತು. ಮಗನನ್ನು ಉಳಿಸಿಕೊಳ್ಳಲು ದೈವದ ಹೆಸರು ಹಿಡಿದು ಬಂದವಳು, ಅದೇ ದೈವಕ್ಕೆ ಹೆದರಿ ಅವನನ್ನು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನೆರಳಿನಲ್ಲಿ ಕೂತಳು. ನನಗೂ ಪಕ್ಕದಲ್ಲಿ ಕೂತುಬಿಡೋಣ ಎನ್ನಿಸಿತು.

ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಇಲ್ಲ ಎಂಬುದರ ಪಕ್ಕದಲ್ಲಿ, ಜಾಗವಿಲ್ಲದ ಕಡೆ, ಸಣ್ಣ ಅಕ್ಷರಗಳಲ್ಲಿ. ವೈದ್ಯರು ಓದಿ, ಭಾಸ್ಕರನನ್ನು ಬೇರೆಯವರಿಗಿಂತ ಹೆಚ್ಚು ಹೊತ್ತು ಪರೀಕ್ಷಿಸಿದರು. ಕೊನೆಗೆ ಸಹಿ ಹಾಕಿದರು. ಅವನು ಹೊರಗೆ ಬಂದು ನನಗೆ ಸೆಲ್ಯೂಟ್ ಹೊಡೆದ, ತಪ್ಪು ಕೈಯಲ್ಲಿ.

ಹೆದರಿಕೆ ಅಲ್ಲಿಗೆ ಮುಗಿಯುತ್ತದೆ ಎಂದುಕೊಳ್ಳಬೇಡಿ. ತರಬೇತಿಯಿಂದ ವಾಪಸು ಕಳಿಸಿದವರ ಹೆಸರುಗಳು ನಮ್ಮ ಕಚೇರಿಗೆ ಬರುತ್ತಿದ್ದವು. ಪ್ರತಿ ಸಲವೂ ಒಂದು ಕಣ್ಣು ಮುಚ್ಚಿಕೊಂಡು ಓದುತ್ತಿದ್ದೆ, ಅರ್ಧ ಕಂಡರೆ ಅರ್ಧವೇ ಹೆದರಿಕೆಯಾಗುತ್ತದೆ ಎಂಬಂತೆ. ತ್ರಾಸಿಯ ಭಾಸ್ಕರನ ಹೆಸರು ಬರಲಿಲ್ಲ. ಗಡಿಯ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನನ್ನ ಹೆಂಡತಿ ಚಾನೆಲ್ ಬದಲಿಸುವುದನ್ನು ರೂಢಿ ಮಾಡಿಕೊಂಡಳು.

ನಾನು ಬಿಡುವ ಹೊತ್ತಿಗೆ ಎಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಹುಡುಗರು ಸೈಬರ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬುತ್ತಾರೆ. ಒಮ್ಮೆ ಅಂಗಡಿಯೊಂದರಲ್ಲಿ ನೋಡುತ್ತಾ ನಿಂತಿದ್ದೆ. ಕಾಯಿಲೆಯ ಪುಟ ಬಂದ ಕೂಡಲೇ ಅಂಗಡಿಯವನು ಹುಡುಗನನ್ನು ಕೇಳದೆಯೇ ಟಪಟಪ ಎಲ್ಲದಕ್ಕೂ 'ಇಲ್ಲ' ಒತ್ತಿದ. "ಕೇಳುವುದಿಲ್ಲವಾ?" ಎಂದೆ. "ಎಂತ ಕೇಂಬುದ್ ಸಾರ್, ಎಲ್ಲರೂ ಇಲ್ಲ ಅಂಬುದೇ" ಎಂದ. ಅವನು ಹೇಳಿದ್ದು ಸರಿಯೇ. ಆದರೂ ಮೇಜಿನ ಹಿಂದೆ ಕೂರುವ ನಿಮಗೆ ಒಂದು ಮಾತು: ಮುದ್ರಿಸಿದ ಪ್ರಶ್ನೆಯನ್ನು ಓದಿ ಮುಗಿಸಿದ ಮೇಲೆ, ಅದನ್ನೇ ಅವರ ಮನೆಯ ಮಾತಿನಲ್ಲಿ ಇನ್ನೊಮ್ಮೆ ಕೇಳಿ. ಬರುವ ಉತ್ತರ ನಿಮ್ಮನ್ನು ಹೆದರಿಸಬಹುದು. ಹೆದರಿದ ಮೇಲೆ ಬರೆಯಿರಿ.

ನಿವೃತ್ತಿಯಾದ ಮೇಲೆ ಒಂದು ದಿನ ಮರವಂತೆಯಿಂದ ಬರುವಾಗ ತ್ರಾಸಿಯಲ್ಲಿ ಮೀನಿಗೆಂದು ಇಳಿದೆ. ಬಂಗುಡೆಯ ಬುಟ್ಟಿಯ ಹಿಂದೆ ಕೂತವಳು ನನ್ನನ್ನು ನೋಡಿ, "ಹ್ವಾಯ್, ನೀವ್ ಬರ್ಕಂಬರ್ ಅಲ್ದಾ?" ಎಂದಳು. ಬರೆದುಕೊಳ್ಳುವವರು! ಅಷ್ಟು ವರ್ಷಗಳ ಸೇವೆಯಲ್ಲಿ ನನಗೆ ಸಿಕ್ಕ ಸರಿಯಾದ ಹುದ್ದೆಯ ಹೆಸರು ಅದೇ.

ಗಿರಿಜಕ್ಕನ ಕೂದಲು ಬೆಳ್ಳಗಾಗಿತ್ತು. ನಾನು ಕೇಳಬೇಕಾದ್ದನ್ನು ಕೇಳಲು ಹೆದರಿ ಮೀನಿನ ಕಿವಿರು ನೋಡುತ್ತಾ ನಿಂತೆ. ಅವಳೇ ಹೇಳಿದಳು. ಭಾಸ್ಕರ ಚೆನ್ನಾಗಿದ್ದಾನೆ, ಎಲ್ಲೋ ಹಿಮದ ಊರಿನಲ್ಲಿದ್ದಾನೆ, ಮದುವೆಯಾಗಿದೆ. ಒಮ್ಮೆಯೂ ಬಿದ್ದಿಲ್ಲ. ಮಾವನಿಗೆ ಈಗ ನಿಂತುಕೊಳ್ಳಲು ಇಬ್ಬರು ಹಿಡಿಯಬೇಕು, ಆದರೂ ಹಿಂಗಾರ ಬೇರೆ ಯಾರ ಕೈಗೂ ಹೋಗಿಲ್ಲ. ಎಲ್ಲರೂ ಕಾಯುತ್ತಿದ್ದಾರೆ.

"ಕೋಲಕ್ಕೆ ಬರುತ್ತಾನಾ?" ಎಂದೆ.

"ಬತ್ತಿಲ್ಲೆ. ಆವತ್ತ್ ಮಾತ್ರ ರಜಿ ಸಿಕ್ತಿಲ್ಲೆ ಅಂಬ ಅವಂಗೆ" ಎಂದು ನಕ್ಕಳು. "ಫೋನ್ ಮಾಡ್ತ. ಮಾವ ಹ್ಯಾಂಗಿದ್ರ್, ಜನ ಎಷ್ಟ್ ಇತ್ತ್, ಎಲ್ಲಾ ಕೇಂತ. ಡೋಲ್ ಶಬ್ದ ಕೇಂಡದ್ದೇ ಕಟ್. ಮತ್ತೆ ಎರಡ್ ದಿನ ಫೋನ್ ಇಲ್ಲೆ."

ಬಂಗುಡೆಯನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

"ಅದ್ಕೆ ಈಗ ಅವ್ನ್ ಫೋನ್ ಬಪ್ಪು ಹೊತ್ತಿಗೆ ನಾನ್ ಕೋಲ ಬಿಟ್ಟ್ ಕಡಲ್ ಬದಿಗ್ ಹೋಯಿ ನಿಂತ್ಕಂತೆ. ಅಲ್ಲ್ ಗಾಳಿ ಬಿಟ್ರೆ ಮತ್ತೆಂತ ಕೇಂತಿಲ್ಲೆ."